ಬದನೆಕಾಯಿ ಬಣ್ಣದ ಕಾರಿನ ಸುಳಿ

ನಮ್ಮ ಮಾವನವರು ದನದ ದಲ್ಲಾಳಿ. ಆ ಕೆಲಸ ಬಿಟ್ಟು ಬಹಳ ವರ್ಷವಾಯಿತು. ಆದರೂ ಸವಳಂಗದ ಸುತ್ತಮುತ್ತ ಯಾರಾದರೂ ಹೊಸ ಎತ್ತು ತಂದರೆ ಮನೆಗೆ ಹೊಡೆದುಕೊಂಡು ಹೋಗುವ ಮೊದಲು ನಮ್ಮ ಕಟ್ಟೆಯ ಮುಂದೆ ಒಂದು ಸುತ್ತು ನಡೆಸುತ್ತಾರೆ. ಮಾವನವರು ಕೂತಲ್ಲಿಂದಲೇ ಹಣೆಯ ಸುಳಿ, ಬೆನ್ನಿನ ಸುಳಿ ನೋಡುತ್ತಾರೆ. ಸುಳಿ ಎಂದರೆ ಮೈಮೇಲೆ ಕೂದಲು ಸುತ್ತಿಕೊಂಡಿರುವ ಗುರುತು, ಮತ್ತೇನಲ್ಲ. ಅದು ಒಳ್ಳೆಯ ಜಾಗದಲ್ಲಿದ್ದರೆ ಎತ್ತಿಗೆ ಬೆಲೆ. ಕೆಟ್ಟ ಜಾಗದಲ್ಲಿದ್ದರೆ, ಆನೆಯಂಥ ಎತ್ತಾದರೂ ಕೊಳ್ಳುವವನು ಹಿಂದಕ್ಕೆ ಸರಿಯುತ್ತಾನೆ.

ನಾನು ಜಗಳೂರು ಸೀಮೆಯವಳು, ಬಿಳಿಚೋಡಿನ ಹತ್ತಿರ ನನ್ನ ತವರು. ಮಳೆಯನ್ನು ನಂಬಿ ಬಿತ್ತುವ ಊರು. ಮಾತು ಕಲಿತದ್ದು ನಮ್ಮಜ್ಜಿಯ ಬಾಯಿಂದ. ಯಾವ ಮಾತನ್ನು ಯಾವಾಗ ಆಡಬೇಕು ಎನ್ನುವುದನ್ನು ಕಲಿತದ್ದು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಈ ಮಾವನವರಿಂದ. ದನದ ವ್ಯಾಪಾರದಲ್ಲಿ ಅವರು ಎರಡು ಕಟ್ಟಳೆ ಇಟ್ಟುಕೊಂಡಿದ್ದರು. ಒಂದು, ಎತ್ತಿನ ಐಬು ಏನಿದ್ದರೂ ಟವೆಲ್ಲಿನ ಕೆಳಗೆ ಕೈ ಸೇರುವ ಮೊದಲೇ ಹೇಳಿಬಿಡಬೇಕು. ಹೌದು, ಬೆಲೆಯನ್ನು ಬಾಯಿಂದ ಆಡುವ ಪದ್ಧತಿ ಅವರದಲ್ಲ; ಹೆಗಲ ಟವೆಲ್ಲು ಕೈಮೇಲೆ ಮುಚ್ಚಿ, ಒಳಗೆ ಬೆರಳು ಹಿಡಿದು ಮಾತಾಡುವುದು. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತದೆ. ಎರಡನೆಯ ಕಟ್ಟಳೆ, ಎತ್ತು ಕೊಟ್ಟರೂ ಹಗ್ಗ ಕೊಡಬಾರದು. ಕೊಂಡವನು ತನ್ನದೇ ಹೊಸ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೆಯ ಹಗ್ಗ ನಮ್ಮ ಕೊಟ್ಟಿಗೆಯಲ್ಲೇ ಉಳಿಯಬೇಕು. ಹಗ್ಗ ಹೋದರೆ ಕೊಟ್ಟಿಗೆಯ ಕಳೆಯೇ ಹೋಗುತ್ತದೆ ಎನ್ನುತ್ತಿದ್ದರು. ಕಡೆಯ ಜೋಡಿಯನ್ನು ಮಾರಿದ ಮೇಲೆ ಆ ಎರಡು ಹಗ್ಗಗಳನ್ನು ಕೊಟ್ಟಿಗೆಯ ಗೋಡೆಯ ಗೂಟಕ್ಕೆ ನೇತುಹಾಕಿದರು. ಮೇವು ಹಾಕುತ್ತಿದ್ದ ಗೋದಲಿಯಲ್ಲಿ ಈಗ ಸೌದೆ ಇದೆ. ಹಗ್ಗ ಹಾಗೇ ಇವೆ.

ಅಂಥವರ ಒಬ್ಬನೇ ಮಗ, ನಮ್ಮ ಯಜಮಾನರು, ಎತ್ತು ಬಿಟ್ಟು ಕಾರಿಗೆ ಬಂದರು.

ಕಾರು ಬಂದದ್ದು ಹೊನ್ನಾಳಿಯ ಒಬ್ಬ ಗೊಬ್ಬರದ ಅಂಗಡಿಯವರಿಂದ. ಆಗಲೇ ಎರಡು ಕೈ ದಾಟಿತ್ತು. ಅದರ ಬಣ್ಣ ನೋಡಿ ನಾನು ನಕ್ಕಿದ್ದೆ, ಥೇಟು ಬದನೆಕಾಯಿ. ಅಂಥ ಬಣ್ಣವನ್ನು ಯಾರೂ ಕೇಳುವುದಿಲ್ಲವಂತೆ, ಬಿಳಿಯದಾದರೆ ಕೂಡಲೇ ಹೋಗುತ್ತದಂತೆ. ಅದರ ಮೇಲೆ ಕಂಪನಿಯವರು ಆ ಮಾಡೆಲ್ಲನ್ನೇ ನಿಲ್ಲಿಸಿಬಿಟ್ಟಿದ್ದರು. ನಿಂತುಹೋದ ಮಾಡೆಲ್ಲಿನ ಸಾಮಾನು ಎಲ್ಲಿ ಹುಡುಕುವುದು ಎಂದು ಜನ ಹೆದರುತ್ತಾರೆ. ಮೆಕ್ಯಾನಿಕ್ಕುಗಳೂ ಬಾನೆಟ್ ತೆಗೆಯುವ ಮೊದಲೇ ತಲೆ ಕೊಡವುತ್ತಾರೆ. ಇಂಜಿನ್ನು ಗಟ್ಟಿಯಾಗಿತ್ತು, ಆದರೂ ಗಾಡಿ ಅಗ್ಗವಾಗಿತ್ತು. ಹೊಸ ಕಾರು ಅಂಗಡಿಯ ಗೇಟು ದಾಟಿದ ಗಳಿಗೆಯಿಂದಲೇ ಬೆಲೆ ಇಳಿಯಲು ಶುರುವಾಗುತ್ತದೆ, ಆಮೇಲೆ ಅದು ಇಳಿಯುವುದಕ್ಕೆ ನೆಪ ಹುಡುಕುತ್ತಿರುತ್ತದೆ ಎಂದು ಇವರು ಊಟಕ್ಕೆ ಕೂತಾಗ ನನಗೆ ಬಿಡಿಸಿ ಹೇಳಿದ್ದರು.

"ಜನ ಬ್ಯಾಡ ಅಂದದ್ದನ್ನೇ ತರಬೇಕು ಕಣೇ," ಎಂದಿದ್ದರು. "ಅಗ್ಗಕ್ಕೆ ತಂದೀನಿ. ಆದ್ರೆ ಅಗ್ಗಕ್ಕೆ ಕೊಡಾಕಿಲ್ಲ, ನೋಡ್ತಿರು."

ಮಾವನವರು ಕಟ್ಟೆಯಿಂದ ಇಳಿದು ಬಂದು ಕಾರನ್ನು ಒಂದು ಸುತ್ತು ಹಾಕಿದರು. ವಯಸ್ಸು ತಿಳಿಯಲು ಇದಕ್ಕೆ ಹಲ್ಲು ಎಲ್ಲಿ ನೋಡುವುದು ಎಂದು ಕೇಳಿದರು. ಇವರು ಟೈರು ತೋರಿಸಿ, ನಾಲ್ಕು ಹಲ್ಲು, ಡಿಕ್ಕಿಯೊಳಗೆ ಇನ್ನೊಂದಿದೆ ಎಂದರು.

"ಎತ್ತಿಗೆ ಹಲ್ಲು ಜೋಡಿಜೋಡಿ ಬರ್ತಾವೆ. ಐದು ಹಲ್ಲಿನ ಎತ್ತು ನಮ್ಮಪ್ಪನೂ ಕಂಡಿಲ್ಲ, ನಾನೂ ಕಂಡಿಲ್ಲ," ಎಂದು ಮಾವನವರು ಬಂಪರಿನ ಮೇಲೆ ಒಮ್ಮೆ ತಟ್ಟಿದರು. ತಟ್ಟಿದ ರೀತಿಯಲ್ಲೇ ಒಪ್ಪಿಗೆಯಾಯಿತು ಎಂದು ನಮಗೆ ತಿಳಿಯಿತು.

ಕಾರಿಗೆ ಎರಡು ಕೀಲಿ ಇದ್ದವು. ಒಂದು ಇವರ ಜೇಬಿಗೆ. ಇನ್ನೊಂದನ್ನು ಅವತ್ತೇ ಅಪ್ಪನ ಕೈಗೆ ಕೊಟ್ಟು, ಇದು ನಿನ್ನ ಹತ್ತಿರ ಇರಲಿ ಎಂದರು. ಕೀಲಿಯ ಮೇಲಿನ ಗುಂಡಿ ಒತ್ತಿದರೆ ಕಾರಿನ ನಾಲ್ಕು ಮೂಲೆಯ ಹಳದಿ ಲೈಟುಗಳು ಒಮ್ಮೆಗೆ ಮಿಣುಕಿ ಬಾಗಿಲಿಗೆ ಬೀಗ ಬೀಳುತ್ತಿತ್ತು. ಮಾವನವರಿಗೆ ಅದು ಬಹಳ ಹಿಡಿಸಿತು. ಸಂಜೆ ಬಾಡಿಗೆ ಮುಗಿಸಿ ಬಂದು ಇವರು ಕಾರನ್ನು ಹುಣಸೆಮರದ ಕೆಳಗೆ ಬಿಟ್ಟು ಸೀದಾ ಬಚ್ಚಲಿಗೆ ಹೋಗುತ್ತಿದ್ದರು. ಬಾಗಿಲು ಹಾಕುವುದು ಕಟ್ಟೆಯ ಮೇಲಿದ್ದ ಅಪ್ಪನ ಕೆಲಸ. ಗುಂಡಿ ಒತ್ತಿ, ಲೈಟು ಮಿಣುಕಿದ್ದು ನೋಡಿ, "ಕರೆದ್ರೆ ಓಗೊಡ್ತತೆ ನೋಡವ್ವ," ಎನ್ನುತ್ತಿದ್ದರು. ಆ ಮಾತು ಕೇಳಿಯೇ ನಾನು ತಟ್ಟೆ ಇಡುತ್ತಿದ್ದೆ.

ಬಾಡಿಗೆಗೆಂದು ಹಳದಿ ಬೋರ್ಡು ಹಾಕಿಸಿದ್ದರು. ನ್ಯಾಮತಿ ಆಸ್ಪತ್ರೆಗೆ, ಹೊನ್ನಾಳಿ ಕೋರ್ಟಿಗೆ, ಚನ್ನಗಿರಿಯ ಬೀಗರ ಮನೆಗೆ. ಬದನೆಕಾಯಿ ಕಾರು ಎಂದರೆ ಆ ರಸ್ತೆಗಳಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಮಗಳನ್ನು ಹೊನ್ನಾಳಿಗೆ ಕೊಟ್ಟಾಗ ಅವಳು ಗಂಡನ ಮನೆಗೆ ಹೋದದ್ದೂ ಅದರಲ್ಲೇ. ಒಂದು ಸಲ ನ್ಯಾಮತಿಗೆ ಇನ್ನೂ ದಾರಿ ಇದೆ ಎನ್ನುವಾಗ ಹಿಂದಿನ ಸೀಟಿನಲ್ಲೇ ಹೆರಿಗೆಯಾಯಿತು. ರಸ್ತೆಯ ಮೇಲೆ ಮೆಕ್ಕೆಜೋಳ ಒಣಹಾಕಿದ್ದ ಹೆಂಗಸರು ಓಡಿಬಂದು ಸೀರೆ ಮರೆ ಹಿಡಿದರಂತೆ. ಇವರು ಮೆಕ್ಕೆಜೋಳದ ರಾಶಿಯ ಆಚೆ ಬೆನ್ನು ತಿರುಗಿಸಿ ನಿಂತು, ಮಗು ಅತ್ತದ್ದು ಕೇಳಿ ತಾವೂ ಅತ್ತರಂತೆ. ಸೀಟು ತೊಳೆದವಳು ನಾನು. ಎಷ್ಟು ತಿಕ್ಕಿದರೂ ಒಂದು ಮೂಲೆಯಲ್ಲಿ ಕಂದು ಕಲೆ ಉಳಿಯಿತು. ಅದನ್ನು ಕಂಡವರಿಗೆಲ್ಲ ಇವರು ಮಗುವಿನ ಕಥೆ ಹೇಳುತ್ತಿದ್ದರು.

ಇವರು ಹೋದದ್ದು ಸೂಳೆಕೆರೆಯ ಏರಿಯ ಮೇಲೆ.

ಚನ್ನಗಿರಿಗೆ ಒಂದು ಬಾಡಿಗೆ ಇತ್ತು. ಜನರನ್ನು ಇಳಿಸಿ, ಮೀನು ತರುತ್ತೇನೆ ಎಂದು ಫೋನು ಮಾಡಿ ಕೆರೆಯ ಕಡೆ ಹೋಗಿದ್ದರು. ನಾನು ಮಸಾಲೆ ಅರೆದು ಇಟ್ಟಿದ್ದೆ. ಏರಿಯ ಮೇಲೆ ಮೀನು ಮಾರುವ ಒಬ್ಬ ಹೆಂಗಸು ಆಮೇಲೆ ನನಗೆ ಹೇಳಿದಳು, ಬದನೆಕಾಯಿ ಬಣ್ಣದ ಕಾರು ರಸ್ತೆ ಬಿಟ್ಟು ಪಕ್ಕಕ್ಕೆ ಬಂದು ನಿಂತಿತು, ನಾಲ್ಕೂ ಲೈಟು ಮಿಣುಕುತ್ತಿದ್ದವು, ಯಾರಿಗೋ ಕಾಯುತ್ತಿದ್ದಾರೆ ಅಂದುಕೊಂಡೆ ಎಂದು. ಬುಟ್ಟಿಯ ಮೀನೆಲ್ಲ ಖಾಲಿಯಾದರೂ ಲೈಟು ಮಿಣುಕುತ್ತಲೇ ಇದ್ದವಂತೆ. ಆಗ ಎದ್ದು ಹೋಗಿ ಗಾಜು ಬಡಿದಳಂತೆ. ಹೃದಯ ನಿಂತಿತ್ತು. ಹ್ಯಾಂಡ್‌ಬ್ರೇಕ್ ಎಳೆದಿತ್ತು. ಕಾರಿಗೆ ಒಂದು ಗೀರೂ ಆಗಿರಲಿಲ್ಲ. ಎದೆ ಹಿಂಡುತ್ತಿರುವಾಗ ಆ ಮನುಷ್ಯ ಗಾಡಿಯನ್ನು ಬದಿಗೆ ತಂದು, ಬ್ರೇಕು ಎಳೆದು, ಹಿಂದೆ ಬರುವವರು ಗುದ್ದದಿರಲಿ ಎಂದು ಲೈಟು ಹಾಕಿದ್ದರು. ಇದನ್ನು ನಾನು ಎಷ್ಟೋ ಸಲ ಕಣ್ಣು ಮುಚ್ಚಿ ನೋಡಿದ್ದೇನೆ. ಪ್ರತಿ ಸಲವೂ ಕೈ ಅಲ್ಲಿಗೆ ಹೋಗುವ ಬದಲು ಫೋನಿಗೆ ಹೋಗಲಿ, ನನಗೊಂದು ಫೋನು ಬರಲಿ ಎಂದು ಬೇಡಿಕೊಳ್ಳುತ್ತೇನೆ.

ಅಳಿಯ ಕಾರು ತಂದು ಹುಣಸೆಮರದ ಕೆಳಗೆ ಬಿಟ್ಟ. ಅಲ್ಲೇ ನಿಂತಿತು. ಅದರ ಅಡಿಯಲ್ಲಿ ಕೋಳಿ ಮಲಗಿದವು, ಮೇಲೆ ಹುಣಸೆ ಎಲೆ ಉದುರಿತು. ಮಾವನವರು ಬೆಳಗಾಗೆದ್ದು ಒದ್ದೆ ಬಟ್ಟೆಯಲ್ಲಿ ಅದರ ಮೈ ಒರೆಸುವರು, ಮೊದಲು ಎತ್ತಿನ ಮೈ ಒರೆಸುತ್ತಿದ್ದ ಹಾಗೆ, ಕೊರಳಿಂದ ಶುರುಮಾಡಿ ಬಾಲದ ಕಡೆಗೆ. ಸಂಜೆ ಗುಂಡಿ ಒತ್ತುವರು. ಲೈಟು ಮಿಣುಕುತ್ತಿತ್ತು. ಒಳಗಿದ್ದ ನನಗೆ ಕಿಟಕಿಯ ಗಾಜಿನಲ್ಲಿ ಆ ಹಳದಿ ಬೆಳಕು ಕಾಣುತ್ತಿತ್ತು. ಏರಿಯ ಮೇಲೆ ಮಿಣುಕಿದ್ದೂ ಅದೇ ಬೆಳಕು. ನನ್ನಿಂದ ತಡೆಯಲಾಗಲಿಲ್ಲ. ಕಾರು ಮಾರೋಣ ಮಾವ ಎಂದು ನಾನೇ ಹೇಳಿದೆ. ಅವರು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತು, ಆಗಲವ್ವ ಎಂದರು.

ಕಾರು ಹೋಗಬೇಕು. ಆದರೆ ಅಗ್ಗಕ್ಕೆ ಹೋಗಬಾರದು. ನನಗೆ ಇದ್ದದ್ದು ಅದೊಂದೇ ಹಟ. ಅಗ್ಗಕ್ಕೆ ಕೊಡಾಕಿಲ್ಲ ಎಂದಿದ್ದರಲ್ಲ. ಎಷ್ಟು ಜತನ ಮಾಡಿದ್ದರು. ಊಟ ತಪ್ಪಿಸಿದರೂ ಆಯಿಲ್ ಬದಲಿಸುವುದು ತಪ್ಪಿಸಿದವರಲ್ಲ. ಆ ಜತನಕ್ಕೆ ತಕ್ಕ ಬೆಲೆ ಬಂದರೆ ಇವರ ಮಾತು ನಿಂತಂತೆ ಎಂದು ನನ್ನ ಮನಸ್ಸಿಗೆ ಕೂತುಬಿಟ್ಟಿತ್ತು.

ಮೊದಲು ಬಂದವನು ಚನ್ನಗಿರಿಯ ಒಬ್ಬ ಕಾರು ಬ್ರೋಕರು. ಮಾತಿನ ಮಲ್ಲ. ಬಾಗಿಲ ಮೇಲೆ ಬೆರಳಿನ ಗೆಣ್ಣಿನಿಂದ ಟಕಟಕ ಬಡಿದು, ತಗ್ಗಿಗೆ ಪುಟ್ಟಿ ಮೆತ್ತಿ ಮುಚ್ಚಿದ್ದು ಇದೆಯೇ ಎಂದು ಕಿವಿಗೊಟ್ಟು ಕೇಳಿದ. ಟೈರಿನ ಗೆರೆಗೆ ಉಗುರು ಇಟ್ಟ. ಮೀಟರು ಹಿಂದಕ್ಕೆ ತಿರುಗಿಸಿಲ್ಲ ತಾನೆ ಎಂದು ಕೇಳಿದ. ತಿರುಗಿಸುವಂಥವರಲ್ಲ ಎಂದೆ. ಆಮೇಲೆ ಒಂದೊಂದೇ ಇಳಿಸತೊಡಗಿದ. ಬಣ್ಣ ಯಾರೂ ಕೇಳುವುದಿಲ್ಲ, ಮಾಡೆಲ್ ನಿಂತಿದೆ, ಹಳದಿ ಬೋರ್ಡನ್ನು ಬಿಳಿ ಮಾಡಿಸಬೇಕಾದರೆ ಓಡಾಟ, ಬಾಡಿಗೆ ಗಾಡಿ ಎಂದರೆ ದುಡಿದು ಹಣ್ಣಾಗಿರುತ್ತದೆ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಬದನೆಕಾಯಿ ತಿನ್ನುವ ಊರಿನಲ್ಲಿ ಬದನೆಕಾಯಿ ಬಣ್ಣಕ್ಕೇನು ಬರ ಎಂದೆ. ಅವನೂ ನಕ್ಕ. ಕಡೆಗೆ ಆರ್‌ಸಿ ನೋಡಿ ಹೇಳಿದ:

"ಅಕ್ಕಾರೆ, ಇದು ನಾಕನೇ ಓನರ್ ಗಾಡಿ ಆತಲ್ರಿ. ಮೂರಕ್ಕೇ ಜನ ಮುಖ ತಿರುಗಿಸ್ತಾರೆ."

ನಾಲ್ಕನೆಯವಳು ನಾನು. ಇವರು ಹೋದ ಮೇಲೆ ಕಾಗದದಲ್ಲಿ ಕಾರು ನನ್ನ ಹೆಸರಿಗೆ ಬಂದಿತ್ತು, ಮಾರಬೇಕಾದರೆ ಹಾಗೆ ಮಾಡಲೇಬೇಕಂತೆ. ಸ್ಟೇರಿಂಗು ಮುಟ್ಟಿ ಗೊತ್ತಿಲ್ಲದ ನನ್ನನ್ನು ಒಂದು ಕೈ ಎಂದು ಎಣಿಸಿ, ಅದಕ್ಕೊಂದಿಷ್ಟು ಬೆಲೆ ಇಳಿಸಿದ. ಗಂಡ ಸತ್ತರೆ ಗಾಡಿಗೆ ಹೀಗೂ ಒಂದು ಐಬು ಬರುತ್ತದೆ ಎಂದು ನನಗೆ ಅವತ್ತು ತಿಳಿದದ್ದು.

ಆದರೂ ಅವನು ಮನಸ್ಸು ಮಾಡಿದ್ದ. ಇಂಜಿನ್ನಿನ ಸದ್ದು ಕೇಳಿ ಅವನ ಮುಖ ಅರಳಿದ್ದನ್ನು ನಾನೇ ಕಂಡೆ. ಕೂತು ಮಾತಾಡೋಣ ಎನ್ನುವಷ್ಟರಲ್ಲಿ ಮಾವನವರು ಕಟ್ಟೆಯಿಂದ ಇಳಿದು ಬಂದರು.

"ಕೈ ಸೇರೋಕೆ ಮುಂಚೆ ಒಂದು ಹೇಳಬೇಕ್ರಿ. ಇದಕ್ಕೆ ಒಂದು ಸುಳಿ ಐತೆ. ನನ್ನ ಮಗ ಇದರಾಗೇ ಕುಂತಂಗೇ ಹೋದ."

ಬ್ರೋಕರು ಸೀಟಿನ ಕಡೆ ನೋಡಿದ. ಆಮೇಲೆ ಆ ಕಡೆ ನೋಡಲೇ ಇಲ್ಲ. ನಾನು ತಂದ ಚಹಾವನ್ನು ನಿಂತುಕೊಂಡೇ ಕುಡಿದು, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೊರಟುಹೋದ. ಅವನ ತಪ್ಪು ಎನ್ನಲಾರೆ. ಅಂಥ ಗಾಡಿಯಲ್ಲಿ ಹೊಸ ಮದುಮಕ್ಕಳನ್ನು ಯಾರು ಕೂರಿಸುತ್ತಾರೆ, ನಿಂಬೆಹಣ್ಣು ಎಷ್ಟು ಕಟ್ಟಿದರೂ.

ಮಾವನವರ ಮೇಲೆ ನನಗೆ ಸಿಟ್ಟು ಬಂತು. ಹೇಳದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಐಬು ಮುಚ್ಚಿ ಕೊಟ್ಟ ಎತ್ತು ತಿರುಗಿ ಬಾಗಿಲಿಗೆ ಬರುತ್ತದೆ, ನನ್ನ ಮಗನ ಹೆಸರು ಹೇಳಿ ಬೈಯುವಂತೆ ಆಗಬಾರದು ಎಂದರು. ನಾನು ಚಹಾದ ಲೋಟ ಎತ್ತಿಕೊಂಡೆ. ಒಳಗೆ ಹೋಗಿ ಅತ್ತೆ. ಹುಟ್ಟಿದ ಮಗುವಿನ ಕಲೆಯೂ ಅದೇ ಕಾರಿನಲ್ಲಿದೆ. ಆ ಕಲೆ ನೋಡಿ ಯಾರೂ ಒಂದು ಕಾಸು ಮೇಲೆ ಹೋಗಲಿಲ್ಲ. ಸತ್ತದ್ದಕ್ಕೆ ಕಲೆಯೇ ಇರಲಿಲ್ಲ.

ಆಮೇಲೆ ಹೊನ್ನಾಳಿಯಿಂದ ಅಳಿಯ ಕಳಿಸಿದ ಗಂಡಹೆಂಡಿರು ಬಂದವರು, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲೇ ಸುದ್ದಿ ಕೇಳಿ ಅಂಗಳಕ್ಕೂ ಕಾಲಿಡದೆ ತಿರುಗಿದರು. ಇನ್ನೊಬ್ಬ, ಬಿಡಿಭಾಗದ ಲೆಕ್ಕದಲ್ಲಿ ಕೊಡಿ, ಬಿಚ್ಚಿ ಮಾರಿಕೊಳ್ಳುತ್ತೇನೆ ಎಂದ. ಅವನಿಗೆ ನೀರೂ ಕೊಡದೆ ಕಳಿಸಿದೆ. ನಮ್ಮಜ್ಜಿ ಕೇಳಿದ್ದರೆ ಬೈಯುತ್ತಿದ್ದಳು.

ಕಡೆಗೆ ಬಂದವನು ನನ್ನ ತವರಿನ ಕಡೆಯವನೇ, ಬಿಳಿಚೋಡಿನ ಆಚೆ ಕುರಿ ಸಾಕುವವನು. ಅವನ ತಾಯಿಗೆ ಕಿಡ್ನಿ ಕೆಟ್ಟು, ರಕ್ತ ಶುದ್ಧಿ ಮಾಡಿಸಲು ವಾರವಾರ ದಾವಣಗೆರೆಗೆ ಕರೆದುಕೊಂಡು ಹೋಗಬೇಕಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಆಕೆ ಸುಸ್ತಿಗೆ ತಲೆ ಎತ್ತುತ್ತಿರಲಿಲ್ಲವಂತೆ. ಜಗಳೂರಿನ ಒಬ್ಬ ಮೆಕ್ಯಾನಿಕ್ಕನ್ನು ಜೊತೆಗೆ ಕರೆತಂದಿದ್ದ. ಕಾರು ನೋಡಿದರು, ಓಡಿಸಿದರು, ಒಪ್ಪಿದರು. ಮಾವನವರು ಮುಂದೆ ಬಂದಾಗ ನಾನು ನೆಲ ನೋಡುತ್ತ ನಿಂತೆ. ಅವರು ಅದೇ ಮಾತು ಹೇಳಿದರು.

ಕುರಿಯವನು ಹಿಂದೆ ಸರಿಯಲಿಲ್ಲ. ನನ್ನ ಕಡೆ ತಿರುಗಿ ಕೇಳಿದ.

"ಗಾಡಿ ನಿಲ್ಲಿಸಿದ್ದು ಯಾರಕ್ಕ?"

"ಅವರೇ."

"ಪಕ್ಕಕ್ಕೆ ತಗಂಡು?"

"ಹೂಂ. ಬ್ರೇಕು ಎಳೆದು, ಲೈಟು ಹಾಕಿ."

ಅವನು ಕಾರಿನ ಹತ್ತಿರ ಹೋಗಿ ಆ ಬ್ರೇಕಿನ ಮೇಲೆ ಕೈ ಇಟ್ಟು ನೋಡಿದ.

"ಅಂಥ ಹೊತ್ತಿನಾಗೂ ಮಂದಿ ಬಗ್ಗೆ ಯೋಚನೆ ಮಾಡ್ಯಾರೆ. ಇದು ಸುಳಿ ಅಲ್ಲಜ್ಜ. ನಮ್ಮವ್ವನ್ನ ಇದರಾಗೇ ಕೂರಿಸ್ತೀನಿ."

ಅಷ್ಟು ದಿನದಲ್ಲಿ ಒಬ್ಬರ ಬಾಯಿಂದಲೂ ಇಂಥ ಮಾತು ಬಂದಿರಲಿಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಮಾವನವರು ಹೆಗಲ ಟವೆಲ್ಲು ತೆಗೆದು, ನಿನಗೆ ಬೆರಳಿನ ವ್ಯಾಪಾರ ಬರುತ್ತದೇನಪ್ಪ ಎಂದು ಕೇಳಿದರು. ಕುರಿ ಸಂತೆಯಲ್ಲಿ ಕಲಿತಿದ್ದೇನೆ ಎಂದ. ಇಬ್ಬರೂ ಕಟ್ಟೆಯ ಮೇಲೆ ಕೂತರು. ಕಾರನ್ನು ಟವೆಲ್ಲಿನ ಕೆಳಗೆ ಮಾರಿದ್ದು ಈ ಸೀಮೆಯಲ್ಲಿ ಅದೇ ಮೊದಲಿರಬೇಕು. ಮೆಕ್ಯಾನಿಕ್ಕು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನಾನು ಮಾವನವರ ಮುಖ ನೋಡುತ್ತಿದ್ದೆ. ಹುಬ್ಬು ಗಂಟಾಯಿತು, ಸಡಿಲವಾಯಿತು, ಮತ್ತೆ ಗಂಟಾಯಿತು. ಆಮೇಲೆ ನನ್ನ ಕಡೆ ತಿರುಗಿ ಕಣ್ಣಲ್ಲೇ ಆಯಿತು ಎಂದರು. ಒಳ್ಳೆಯ ಬೆಲೆಯೇ ಬಂದಿತ್ತು. ಅಗ್ಗಕ್ಕೆ ಕೊಡಾಕಿಲ್ಲ ಎಂದ ಮಾತು ನಿಂತಿತ್ತು.

ಆಗ ಮೆಕ್ಯಾನಿಕ್ಕು ಇನ್ನೊಂದು ಕೀಲಿ ಕೊಡಿ ಎಂದ.

ನಾನು ಮಾವನವರ ಕಡೆ ನೋಡಿದೆ. ಕೈ ಇನ್ನೂ ಟವೆಲ್ಲಿನ ಕೆಳಗೇ ಇತ್ತು. ಅವರು ನನ್ನನ್ನು ನೋಡಲಿಲ್ಲ, ಹುಣಸೆಮರ ನೋಡಿದರು.

"ಅದು ಕಳೆದೈತೆ," ಎಂದರು.

ಮೆಕ್ಯಾನಿಕ್ಕು ಒಳ್ಳೆಯವನೇ, ಆದರೆ ಅವನ ಕೆಲಸ ಅವನು ಮಾಡಬೇಕಲ್ಲ. ಒಂದೇ ಕೀಲಿಯ ಕಾರೆಂದರೆ ಬೆಲೆ ಬೀಳುತ್ತದೆ ಎಂದು ತಿಳಿಸಿ ಹೇಳಿದ. ಕಳೆದ ಕೀಲಿ ಯಾರ ಕೈಯಲ್ಲಿದೆಯೋ ಯಾರು ಕಂಡರು, ನಾಳೆ ರಾತ್ರೋರಾತ್ರಿ ಬಂದು ಗಾಡಿ ಓಡಿಸಿಕೊಂಡು ಹೋದರೆ? ಬೀಗದ ಸೆಟ್ಟನ್ನೇ ಬದಲಿಸಬೇಕು, ನಿಂತುಹೋದ ಮಾಡೆಲ್ಲಿಗೆ ಅದು ಸಿಗುವುದೂ ಕಷ್ಟ. ಸಾಲ ಕೊಟ್ಟವರು ಒಂದು ಕೀಲಿ ತಮ್ಮ ಹತ್ತಿರ ಇಟ್ಟುಕೊಳ್ಳುವುದೂ ಉಂಟು ಎಂದು, ಬೇಸರ ಮಾಡಿಕೊಳ್ಳಬೇಡಿ, ಎಲ್ಲಾದರೂ ಅಡವಿಟ್ಟಿದ್ದೀರಾ ಎಂದೂ ಕೇಳಿದ. ಮಾವನವರ ಕಿವಿ ಕೆಂಪಾದವು. ಜೀವಮಾನದಲ್ಲಿ ಯಾರೂ ಅವರನ್ನು ಅಂಥ ಮಾತು ಕೇಳಿದ್ದಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಕೀಲಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅವತ್ತು ಬೆಳಿಗ್ಗೆ ಸೌದೆ ತರಲು ಕೊಟ್ಟಿಗೆಗೆ ಹೋದಾಗ ಕಂಡಿದ್ದೆ. ಗೂಟದ ಮೇಲೆ, ಎತ್ತಿನ ಹಗ್ಗಗಳ ನಡುವೆ, ಒಂದು ತುಂಡು ದಾರಕ್ಕೆ ಕಟ್ಟಿ ನೇತುಹಾಕಿದ್ದರು. ಕೈಮರೆತು ಇಟ್ಟಿದ್ದಾರೆ ಅಂದುಕೊಂಡು ಬಂದಿದ್ದೆ. ಈಗ ಅರ್ಥವಾಯಿತು. ಮಗ ಸತ್ತ ಸುಳಿಯನ್ನು ಬಂದವರಿಗೆಲ್ಲ ತಾವೇ ಹೇಳಿ ಬೆಲೆ ಕೆಡಿಸಿಕೊಂಡ ಮನುಷ್ಯ, ಒಂದು ಕೀಲಿಗೆ ಸುಳ್ಳು ಹೇಳುತ್ತಿದ್ದರು.

ಹತ್ತು ಹೆಜ್ಜೆ ಹೋದರೆ ಕೊಟ್ಟಿಗೆ. ತಂದುಕೊಟ್ಟಿದ್ದರೆ ಬೆಲೆ ನಿಲ್ಲುತ್ತಿತ್ತು, ಇವರ ಮಾತೂ ನಿಲ್ಲುತ್ತಿತ್ತು. ಒಂದು ಕಾಲು ಮುಂದಿಟ್ಟೆ ಕೂಡ. ಮಾವನವರು ಆಗ ನನ್ನನ್ನು ನೋಡಿದರು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

"ಹೌದಣ್ಣ, ಕಳೆದೈತೆ," ಎಂದೆ. "ಎಲ್ಲಾ ಕಡೆ ಹುಡುಕೀವಿ. ಸಾಲ ಗೀಲ ಏನಿಲ್ಲ."

ಕುರಿಯವನು ನಮ್ಮಿಬ್ಬರನ್ನೂ ನೋಡಿ, ಮೆಕ್ಯಾನಿಕ್ಕಿಗೆ ಸಾಕು ಎಂದು ಕೈ ತೋರಿಸಿದ. ಟವೆಲ್ಲಿನ ಒಳಗೆ ಬೆರಳು ಮತ್ತೆ ಅಲುಗಾಡಿದವು. ಒಂದೊಂದಾಗಿ ಇಳಿಯುವುದು ನನಗೆ ಹೊರಗಿನಿಂದಲೇ ತಿಳಿಯಿತು. ಮಾವನವರು ಈ ಸಲ ಒಂದಕ್ಕೂ ಎದುರಾಡಲಿಲ್ಲ, ಕೈಯನ್ನು ಅವನಿಗೆ ಬಿಟ್ಟುಕೊಟ್ಟಿದ್ದರು. ಕಡೆಗೆ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ಇವರು ಹೊನ್ನಾಳಿಯಿಂದ ತಂದಾಗ ಎಷ್ಟು ಅಗ್ಗವಾಗಿತ್ತೋ, ಅದಕ್ಕಿಂತ ಅಗ್ಗಕ್ಕೆ ಕಾರು ಹೋಯಿತು.

ಹೊರಡುವಾಗ ಕುರಿಯವನು ಮಾವನವರ ಕಾಲು ಮುಟ್ಟಿದ. ಕಾರು ಗೇಟು ದಾಟಿ ನ್ಯಾಮತಿ ರಸ್ತೆಗೆ ತಿರುಗುವಾಗ ಎಡಗಡೆಯ ಲೈಟು ಒಂದೇ ಮಿಣುಕಿತು. ಹುಣಸೆಮರದ ಕೆಳಗೆ ನಾಲ್ಕು ಟೈರಿನ ಗುರುತು, ನಡುವೆ ಒಂದು ತೊಟ್ಟು ಆಯಿಲ್ಲು. ಕೋಳಿಗಳು ನೆರಳು ಎಲ್ಲಿ ಹೋಯಿತೆಂದು ಅಲ್ಲೇ ಸುತ್ತಿದವು.

ಅಗ್ಗಕ್ಕೆ ಕೊಟ್ಟಿರಂತೆ ಯಾಕೆ ಎಂದು ಈಗಲೂ ಜನ ಕೇಳುತ್ತಾರೆ. ಬಣ್ಣ ಎನ್ನುತ್ತೇನೆ, ಮಾಡೆಲ್ ನಿಂತಿತ್ತು ಎನ್ನುತ್ತೇನೆ, ನಾಲ್ಕನೇ ಕೈ ಎನ್ನುತ್ತೇನೆ. ಎಲ್ಲರೂ ಒಪ್ಪುತ್ತಾರೆ. ಅವನ ತಾಯಿ ಇನ್ನೂ ಇದ್ದಾಳಂತೆ, ಮುಂದಿನ ಸೀಟಿನಲ್ಲಿ ಕೂತು ದಾವಣಗೆರೆಗೆ ಹೋಗಿಬರುತ್ತಾಳಂತೆ. ಕೀಲಿ ಗೂಟದಲ್ಲೇ ಇದೆ. ದೀಪ ಹಚ್ಚುವ ಹೊತ್ತಿಗೆ ಮಾವನವರು ಕೊಟ್ಟಿಗೆಗೆ ಹೋಗಿ ಅದನ್ನು ತಂದು ಕಟ್ಟೆಯ ಮೇಲೆ ಕೂರುತ್ತಾರೆ. ಹುಣಸೆಮರದ ಕಡೆ ಹಿಡಿದು ಒಮ್ಮೆ ಗುಂಡಿ ಒತ್ತುತ್ತಾರೆ. ಮೊದಮೊದಲು ಒತ್ತಿದಾಗ ಕೀಲಿಯ ಮೇಲೆಯೇ ಸಾಸಿವೆಯಷ್ಟು ಒಂದು ಕೆಂಪು ದೀಪ ಹತ್ತುತ್ತಿತ್ತು. ಈಚೆಗೆ ಅದೂ ಹತ್ತುವುದಿಲ್ಲ. ಮೊನ್ನೆ ಹತ್ತಿರ ಹೋಗಿ, ಮಾವ, ಅದರ ಬ್ಯಾಟರಿ ಹೋಗಿದೆ, ಹೊನ್ನಾಳಿಗೆ ಹೋದಾಗ ಹೊಸದು ತರಲಾ ಎಂದು ಕೇಳಿದೆ.

"ಹಗ್ಗಕ್ಕೆ ಬ್ಯಾಟರಿ ಯಾಕವ್ವ," ಎಂದರು. ಎದ್ದು ಕೀಲಿಯನ್ನು ಗೂಟಕ್ಕೆ ಹಾಕಿ ಬಂದು, "ತಟ್ಟೆ ಇಡು," ಎಂದರು.